ಎರಡರಲ್ಲೂ ಇಲ್ಲದ್ದು

ಧಾರವಾಡದಿಂದ ಮುಂಬೈಯ ದಾದರಿಗೆ ಹೊರಟ ನನ್ನ ಚೀಲಗಳಲ್ಲಿ ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು ಚಟ್ನಿಪುಡಿ, ಲೈನ್ ಬಜಾರಿನ ಪೇಡೆಯ ಡಬ್ಬಿಗಳು ತುಂಬಿದ್ದವು. ಅಕ್ಕ ಕರೆದದ್ದು ಮಾತ್ರ ಬೇರೆ ಕೆಲಸಕ್ಕೆ. "ಗಾಡಿ ತಗೊಳ್ಳೋದು ಖರೆ ಆಗೇದ. ಎರಡರಾಗ ಯಾವುದು ಅನ್ನೋದು ಬಗೀಹರೀವಲ್ದು. ನಿಮ್ಮ ಭಾವ ಒಂದು ಅಂತಾರ, ಮಗ ಇನ್ನೊಂದು ಅಂತಾನ. ನೀನರ ಬಂದು ನೋಡು ತಮ್ಮಾ" ಎಂದಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ವರ್ಷಗಟ್ಟಲೆ ಆಟೋಮೊಬೈಲ್ ಪಾಠ ಹೇಳಿದವನು ನಾನು. ನಮ್ಮ ಬಳಗದಲ್ಲಿ ಯಾರೇ ಗಾಡಿ ಕೊಳ್ಳಲಿ, ನನಗೊಂದು ಫೋನು ಬರುತ್ತದೆ.

ಚಾಲುಕ್ಯ ಎಕ್ಸ್‌ಪ್ರೆಸ್ ಬೆಳಗಾವಿಯಲ್ಲಿ ನಿಂತಾಗ ಲಕ್ಷ್ಮಣರಾವ್ ಕಿರ್ಲೋಸ್ಕರರ ನೆನಪಾಯಿತು. ಮುಂಬೈಯ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಅವರು ಅಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣನಿಗೆ ಕಳಿಸುತ್ತಿದ್ದರು. ಅಣ್ಣ ಅವನ್ನು ಇಲ್ಲಿ ಮಾರುತ್ತಿದ್ದರು. 1888ರಲ್ಲಿ ಹೀಗೆ ಸೈಕಲ್ ಅಂಗಡಿಯಾಗಿ ಶುರುವಾದ ಆ ಮನೆತನದ ಉದ್ಯಮ 1910ರಲ್ಲಿ ಕಿರ್ಲೋಸ್ಕರವಾಡಿಯಾಯಿತು. ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ 1997ರಲ್ಲಿ ಜಪಾನಿನ ಟೊಯೋಟಾ ಜೊತೆ ಸೇರಿ ಬಿಡದಿಯಲ್ಲಿ ಕಾರಿನ ಕಾರ್ಖಾನೆ ಕಟ್ಟಿದರು. ಸೈಕಲ್ಲಿನ ಆ ಕಾಲಕ್ಕೆ ಚಕ್ರ ಮುಂಬೈಯಿಂದ ನಮ್ಮ ಕಡೆ ಉರುಳಿ ಬರುತ್ತಿತ್ತು. ಅಕ್ಕನ ಮನೆಯವರು ಈಗ ನೋಡಿಟ್ಟಿದ್ದ ಎರಡು ಗಾಡಿಗಳು ನಮ್ಮ ಕಡೆಯಿಂದ ಮುಂಬೈಗೆ ಹೋಗುವಂಥವು.

ಒಂದು ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್, ಇನ್ನೊಂದು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ. ಎರಡೂ ಹೈಬ್ರಿಡ್. 2022ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಇವು ಜನರ ಮುಂದೆ ಬಂದವು, ಮತ್ತು ಎರಡೂ ತಯಾರಾಗಿ ಬಂದದ್ದು ಬಿಡದಿಯ ಅದೇ ಕಾರ್ಖಾನೆಯಿಂದ. ಮೈಯ ಅಳತೆ ಹೆಚ್ಚುಕಡಿಮೆ ಒಂದೇ. 1490 ಸಿಸಿಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಒಂದೇ, ಅದರ ಜೊತೆಗಿನ ವಿದ್ಯುತ್ ಮೋಟರ್ ಒಂದೇ, ಎರಡೂ ಸೇರಿ ಕೊಡುವ 116 ಪಿಎಸ್ ಶಕ್ತಿ ಒಂದೇ. ಪರೀಕ್ಷೆಯಲ್ಲಿ ಬಂದ ಮೈಲೇಜು ಕೂಡ ದಶಾಂಶದವರೆಗೆ ಒಂದೇ: ಲೀಟರಿಗೆ 27.97 ಕಿಲೋಮೀಟರ್. ಮೋರೆ ಬೇರೆ, ಒಳಗಿನ ಬಣ್ಣ ಕೊಂಚ ಬೇರೆ, ಸ್ಟಿಯರಿಂಗ್ ಮೇಲಿನ ಮುದ್ರೆ ಬೇರೆ. ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ.

ರಾತ್ರಿ ಕಳೆಯುವ ಹೊತ್ತಿಗೆ ರೈಲು ಖಂಡಾಲಾ ಘಟ್ಟ ಇಳಿಯುತ್ತಿತ್ತು. ಹೈಬ್ರಿಡ್ ಅಂದರೆ ಏನೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಈ ಘಟ್ಟದಿಂದಲೇ ಶುರು ಮಾಡುತ್ತಿದ್ದೆ. ಈಗಿನ ತ್ರೀ-ಫೇಸ್ ವಿದ್ಯುತ್ ಎಂಜಿನ್‌ಗಳು ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮೋಟರುಗಳೇ ಜನರೇಟರ್ ಆಗಿ ಕರೆಂಟನ್ನು ಮೇಲಿನ ತಂತಿಗೆ ಮರಳಿಸುತ್ತವೆ. ಏರುವ ಇನ್ನೊಂದು ರೈಲು ಅದನ್ನು ಎಳೆದುಕೊಳ್ಳಬಹುದು. ಕಾರಿಗೆ ತಂತಿ ಇಲ್ಲ. ಅದಕ್ಕೇ ತಾನು ಉಳಿಸಿದ್ದನ್ನು ಒಂದು ಬ್ಯಾಟರಿಯಲ್ಲಿ ಇಟ್ಟುಕೊಂಡು, ಮುಂದೆ ಹೆಜ್ಜೆ ಕಿತ್ತಿಡುವಾಗ ತಾನೇ ಖರ್ಚು ಮಾಡುತ್ತದೆ. ಈ ಎರಡು ಗಾಡಿಗಳಲ್ಲಿ ಆ ಬ್ಯಾಟರಿ ಬಲು ಸಣ್ಣದು, ಒಂದು ಕಿಲೋವ್ಯಾಟ್ ಅವರ್ ಕೂಡ ಇಲ್ಲ, 0.76. ಗೋಡೆಯ ಪ್ಲಗ್ಗಿಗೆ ಹಚ್ಚಿ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಅದು ಸಾಮಾನ್ಯವಾಗಿ ಹತ್ತು, ಹದಿನೈದು, ಇಪ್ಪತ್ತರ ಆಸುಪಾಸು ಇರುತ್ತದೆ. ಊರೊಳಗಿನ ದಿನದ ಓಡಾಟ ಪೂರಾ ಕರೆಂಟಿನಲ್ಲಿ, ದೂರದ ದಾರಿ ಪೆಟ್ರೋಲಿನಲ್ಲಿ. ನಮ್ಮ ದೇಶದಲ್ಲಿ ಅಂಥ ಗಾಡಿಗಳು ಬಂದಿರುವುದು ಬಹುತೇಕ ಸಿರಿವಂತರ ವರ್ಗಕ್ಕೆ, ವೋಲ್ವೊ, ಬಿಎಂಡಬ್ಲ್ಯೂ ಹೆಸರಿನಲ್ಲಿ. ಸಂಬಳದ ಮನೆಯವರಿಗೆ ಎಟುಕುವುದು ಪ್ಲಗ್ ಇಲ್ಲದ ಹೈಬ್ರಿಡ್.

ದಾದರ್ ಸ್ಟೇಶನ್ನಿಗೆ ಭಾವ ಬಂದಿದ್ದರು. ಮನೆ ಪೂರ್ವಕ್ಕಿದ್ದರೂ ಮೊದಲು ಕರೆದೊಯ್ದದ್ದು ಪಶ್ಚಿಮಕ್ಕೆ, ಹೂವಿನ ಮಂಡಿಗೆ. ಭಾವನ ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ. ಆಯಿಯ ಪೂಜೆಗೆ ಹೂವು ಇಲ್ಲಿಂದಲೇ ಹೋಗಬೇಕು. ಬೆಳಕು ಹರಿಯುವ ಮುಂಚೆಯೇ ಅಲ್ಲಿ ಜಾತ್ರೆ. ಚೆಂಡುಹೂವಿನ ಗುಡ್ಡೆಗಳು, ಸೇವಂತಿಗೆಯ ಮೂಟೆಗಳು, ಒದ್ದೆ ಗೋಣಿಯ ಮೇಲೆ ಸುಗಂಧರಾಜದ ಕಟ್ಟುಗಳು. ತಲೆಯ ಮೇಲೆ ಬುಟ್ಟಿ ಹೊತ್ತವರು ದಾರಿ ಬಿಡಿಸಿಕೊಂಡು ಓಡುತ್ತಿದ್ದರು. ಧಾರವಾಡದ ಸಂತೆಯಲ್ಲಿ ಹೂವಿನಾಕೆ ಮೊಳ ಹಾಕುತ್ತ ಮನೆಯ ಸುದ್ದಿ ಕೇಳುತ್ತಾಳೆ. ಇಲ್ಲಿ ತಕ್ಕಡಿ ಏರಿ ಇಳಿಯುವಷ್ಟರಲ್ಲಿ ವ್ಯಾಪಾರ ಮುಗಿದು ಮುಂದಿನ ಗಿರಾಕಿಯ ಕೈ ಚಾಚಿರುತ್ತದೆ. ಆದರೂ ಭಾವ ಕೊಂಡ ಹೂವಿನ ಮೇಲೆ ಹೂ ಮಾರುವ ಹುಡುಗ ಒಂದು ಹಿಡಿ ತುಳಸಿ ಹಾಕಿದ. "ಆಯಿಗೆ" ಎಂದ. ಅವನಿಗೆ ಆಯಿ ಗೊತ್ತು. ಕಾಲು ಇನ್ನೂ ಆಡುತ್ತಿದ್ದ ದಿನಗಳಲ್ಲಿ ಅವರೇ ತಿಲಕ್ ಸೇತುವೆ ದಾಟಿ ನಡೆದು ಬರುತ್ತಿದ್ದರಂತೆ.

ಅಕ್ಕನ ಮನೆ ಹಿಂದೂ ಕಾಲೋನಿಯ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿದೆ. 1896ರ ಪ್ಲೇಗ್ ಮುಂಬೈಯನ್ನು ನಡುಗಿಸಿದ ಮೇಲೆ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆಗೆ ಹೊಸ ಬಡಾವಣೆಗಳನ್ನು ಎಳೆಯಿತು. ಗಾಳಿ, ಬೆಳಕು ಬರಲೆಂದು ಕಟ್ಟಡಗಳ ನಡುವೆ ಜಾಗ ಬಿಟ್ಟು, ಓಣಿಗಳಿಗೆ ನಂಬರು ಕೊಟ್ಟು, ಮರ ನೆಟ್ಟು ಮಾಡಿದ ಯೋಜನೆ. ಇವತ್ತಿಗೂ ಆ ಓಣಿಗಳಲ್ಲಿ ನಡೆಯುವುದು ಸುಖ. ಉಸಿರಾಟಕ್ಕೆ ಅಷ್ಟು ಯೋಚಿಸಿದವರಿಗೆ ಮನೆಗೊಂದು ಮೋಟಾರು ಬಂದೀತೆಂಬ ಕಲ್ಪನೆ ಇರುವ ಕಾಲವಲ್ಲ ಅದು. ಹಾಗಾಗಿ ಅಕ್ಕನ ಕಟ್ಟಡದಲ್ಲಿ ಕಾರಿಗೆ ಜಾಗವಿಲ್ಲ. ಗಾಡಿಗಳೆಲ್ಲ ಓಣಿಯ ಅಂಚಿಗೆ ಒತ್ತೊತ್ತಾಗಿ ನಿಂತಿರುತ್ತವೆ. ಯಾರ ಗಾಡಿ ಎಲ್ಲಿ ಎಂಬುದಕ್ಕೆ ಬರಹದ ಹಕ್ಕಿಲ್ಲ, ರೂಢಿಯ ಹಕ್ಕಿದೆ.

ಹಳೆಯ ಗಾಡಿಯೂ ಅಲ್ಲೇ ನಿಂತಿತ್ತು. ಸಣ್ಣ ಗಾಡಿ, ಸಿಎನ್‌ಜಿ ಕಿಟ್ ಹಾಕಿಸಿದ್ದು. ಅಕ್ಕ ಅದರ ಡಿಕ್ಕಿ ತೆಗೆದು ತೋರಿಸಿದಳು. ಒಳಗೆ ಗ್ಯಾಸಿನ ಸಿಲಿಂಡರು ಅಡ್ಡಲಾಗಿ ಮಲಗಿತ್ತು. ಒಂದು ಕೈಚೀಲಕ್ಕೂ ಜಾಗವಿರಲಿಲ್ಲ. ಆಯಿಗೆ ಮೊಣಕಾಲು ಪೂರ್ತಿ ಹೋಗಿವೆ, ಗಾಲಿಕುರ್ಚಿ ಬೇಕು. ಪರೇಲಿನ ಆಸ್ಪತ್ರೆಗೆ ಹೋಗುವಾಗಲೆಲ್ಲ ಕುರ್ಚಿಯನ್ನು ಮಡಚಿ ಹಿಂದಿನ ಸೀಟಿನಲ್ಲಿ ಆಯಿಯ ಪಕ್ಕ ನಿಲ್ಲಿಸುತ್ತಾರೆ, ಅಕ್ಕ ಅದನ್ನು ಹಿಡಿದುಕೊಂಡೇ ಕೂಡಬೇಕು. ಧಾರವಾಡಕ್ಕೆ ಬಂದರೆ ಸಾಮಾನು ಮೇಲಿನ ಕ್ಯಾರಿಯರಿಗೆ. ಮಳೆಗಾಲದಲ್ಲಿ ಅದಕ್ಕೆ ತಾಡಪತ್ರಿ, ಹಗ್ಗ, ದಾರಿಯುದ್ದಕ್ಕೂ ಚಿಂತೆ.

ಚಹಾದ ಜೊತೆ ಚರ್ಚೆ ಶುರುವಾಯಿತು. ಭಾವನದು ಟೊಯೋಟಾ ಪಕ್ಷ. 1997ರಲ್ಲೇ ಪ್ರಿಯಸ್ ಎಂಬ ಹೈಬ್ರಿಡ್ ಮಾರಿದ ಕಂಪನಿ, 2013ರಿಂದ ಬಿಡದಿಯಲ್ಲಿ ಕ್ಯಾಮ್ರಿ ಹೈಬ್ರಿಡ್ ಕಟ್ಟಿದ ಕಂಪನಿ, ವಿದ್ಯೆ ಯಾರದೋ ಗಾಡಿಯೂ ಅವರದೇ ಇರಲಿ ಎಂಬುದು ಅವರ ವಾದ. ಅಳಿಯ ಮಾರುತಿ ಪಕ್ಷ. "ಮಾಮಾ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಎಲ್ಲೇ ನಿಂತರೂ ಮಾರುತಿ ವರ್ಕ್‌ಶಾಪ್ ಹತ್ತಿರ ಸಿಗ್ತದ" ಎಂದು ಮೊಬೈಲಿನ ನಕಾಶೆ ತೋರಿಸಿದ. ಹೈಬ್ರಿಡ್ ಬ್ಯಾಟರಿಗೆ ಎರಡೂ ಕಡೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ. ಅಲ್ಲಿ ಯಾರಿಗೂ ಗೆಲುವಿಲ್ಲ. ಹಾಗಾಗಿ ಮಾತು ಮುಂದಿನ ಜಾಲರಿಗೆ, ದೀಪದ ಆಕಾರಕ್ಕೆ, ಸೀಟಿನ ಬಣ್ಣಕ್ಕೆ ಹರಿಯಿತು. ಒಂದೇ ಬಗೆಯ ಎರಡು ವಸ್ತುಗಳ ಮುಂದೆ ಕೂತಾಗ ಇದು ಆಗಿಯೇ ಆಗುತ್ತದೆ. ಬೇರೆಯಾಗಿರುವುದು ಎಷ್ಟೇ ಚಿಕ್ಕದಿರಲಿ, ಕಣ್ಣು ಅಲ್ಲೇ ನೆಡುತ್ತದೆ, ತೂಕವೆಲ್ಲ ಅದಕ್ಕೇ ಹೋಗುತ್ತದೆ. ಎರಡರಲ್ಲೂ ಸಮನಾಗಿರುವುದರ ಬಗ್ಗೆ ಯಾರೂ ಬಾಯಿ ತೆರೆಯುವುದಿಲ್ಲ, ಎರಡರಲ್ಲೂ ಇಲ್ಲದ್ದರ ಬಗ್ಗೆಯಂತೂ ಇಲ್ಲವೇ ಇಲ್ಲ.

ಮಧ್ಯಾಹ್ನದ ಊಟಕ್ಕೆ ಭಾವ ಮಾಟುಂಗಾಕ್ಕೆ ಕರೆದೊಯ್ದರು, ಸ್ಟೇಶನ್ನಿನ ಮಗ್ಗುಲಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ. 1942ರಿಂದ ನಡೆದು ಬಂದ ಜಾಗ. ಬಾಳೆ ಎಲೆ, ಬಿಸಿ ಅನ್ನ, ಸಾರು, ಹುಳಿ, ಪಲ್ಯ, ಹಪ್ಪಳ. ಬಡಿಸುವವರು ಎಲೆ ಬರಿದಾಗಲು ಬಿಡುವುದಿಲ್ಲ. ತಿಂದು ಏಳುವವನ ಹಿಂದೆಯೇ ಕಾದು ನಿಂತವನಿದ್ದರೂ ಯಾರೂ ಅವಸರ ಮಾಡಲಿಲ್ಲ, ಅದು ನನಗೆ ಬಹಳ ಹಿಡಿಸಿತು. ಮೂರು ಹೆಜ್ಜೆಯ ಜಾಗಕ್ಕೂ ಬಡಿದಾಡುವ ಊರಿನಲ್ಲಿ ಉಣ್ಣುವವನ ಹೊತ್ತಿಗೆ ಇಷ್ಟು ಮರ್ಯಾದೆ! ರೊಟ್ಟಿ ನಾಡಿನ ನನಗೆ ಕರಾವಳಿಯ ಹುಳಿಯಲ್ಲಿನ ಬೆಲ್ಲ ಎಂದೂ ಪೂರ್ತಿ ಒಗ್ಗಿಲ್ಲ. ಅವತ್ತು ಮಾತ್ರ ಮತ್ತೆ ಹಾಕಿಸಿಕೊಂಡೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದೂ ಇದೇ ಮಾಟುಂಗಾದಲ್ಲಿ. ಆಯಿಗೆ ಅಲ್ಲಿಯ ನಾಟಕಗಳೆಂದರೆ ಪ್ರಾಣ. ಕುರ್ಚಿ ಹೊತ್ತು ಮೆಟ್ಟಿಲು, ಟ್ಯಾಕ್ಸಿ ಎಂದು ಪಡಿಪಾಟಲು ಬೇಡವೆಂದು ಅವರೇ ಹೋಗುವುದನ್ನು ಬಿಟ್ಟಿದ್ದಾರೆ ಎಂದು ಅಕ್ಕ ಎಲೆ ಮಡಚುತ್ತ ಹೇಳಿದಳು. ಗಾಡಿ ಯಾರಿಗಾಗಿ ಎಂಬುದು ನನಗೆ ಖಚಿತವಾದದ್ದು ಅಲ್ಲಿ.

ಸಂಜೆ ಪ್ರಭಾದೇವಿ ಕಡೆಯ ಶೋರೂಮಿನಿಂದ ಒಬ್ಬ ತರುಣ ಹೈರೈಡರನ್ನು ಓಣಿಗೇ ತಂದ. ಆಯಿಯನ್ನು ಇಬ್ಬರು ಹಿಡಿದು ಇಳಿಸಿ ತಂದೆವು. ಹಳೆ ಗಾಡಿಗೆ ಅವರು ಬಗ್ಗಿ, ಕುಸಿದು ಕೂಡಬೇಕಿತ್ತು. ಇದರ ಸೀಟು ಸೊಂಟದ ಮಟ್ಟಕ್ಕಿತ್ತು. ಹಿಂದಕ್ಕೆ ಸರಿದು ಕೂತು, ಕಾಲೆರಡನ್ನೂ ತಾವೇ ಒಳಗೆಳೆದುಕೊಂಡರು. "ಯಾರೂ ಹಿಡೀಬ್ಯಾಡ್ರಿ" ಎಂದರು. ಆ ಮಾತಿನಲ್ಲಿದ್ದ ಸಂತೋಷ ಭಾವನ ಮುಖಕ್ಕೂ ಹರಡಿತು.

ಭಾವ ಗುಂಡಿ ಒತ್ತಿದರು, ಸದ್ದಿಲ್ಲ. ಗಾಡಿ ಹೊರಟಿತು, ಆಗಲೂ ಸದ್ದಿಲ್ಲ. ಖೋದಾದಾದ್ ಸರ್ಕಲ್ಲಿನ ಗದ್ದಲದಲ್ಲಿ ಹತ್ತಡಿ ಹೋಗಿ ನಿಲ್ಲುವುದು, ಮತ್ತೆ ಹತ್ತಡಿ ಹೋಗುವುದು. ಅಷ್ಟಕ್ಕೂ ಮೋಟರೇ ಸಾಕಾಯಿತು, ಎಂಜಿನ್ ಏಳಲೇ ಇಲ್ಲ. ಹೈಬ್ರಿಡ್ ತನ್ನ ಬೆಲೆ ಮರಳಿಸುವುದು ಇಂಥ ಜಾಗದಲ್ಲಿ. ಬರಿ ಪೆಟ್ರೋಲ್ ಗಾಡಿ ನಿಂತಲ್ಲೇ ಎಣ್ಣೆ ಕುಡಿಯುತ್ತಿರುತ್ತದೆ, ಇದು ನಿಂತಾಗ ಬಹುತೇಕ ಏನೂ ಕುಡಿಯುವುದಿಲ್ಲ. ತಿಲಕ್ ಸೇತುವೆಯ ಏರಿನಲ್ಲಿ ಎಂಜಿನ್ ಎದ್ದಿತು, ಮೂರು ಸಿಲಿಂಡರಿನ ಗುರುಗುಟ್ಟುವಿಕೆ ಕೇಳಿಸಿತು. ಪಶ್ಚಿಮಕ್ಕೆ ಇಳಿಯತೊಡಗಿದಾಗ ಪರದೆಯ ಮೇಲಿನ ಬಾಣ ತಿರುಗಿತು. ಚಕ್ರದಿಂದ ಬ್ಯಾಟರಿಗೆ ಕರೆಂಟು ಹರಿಯುತ್ತಿತ್ತು.

ಆ ಹೊತ್ತಿಗೆ ಸೇತುವೆಯ ಕೆಳಗೆ ಲೋಕಲ್ ರೈಲುಗಳು ಎರಡೂ ಲೈನಿನಲ್ಲಿ ಸ್ಟೇಶನ್ನಿಗೆ ಬರುತ್ತಿದ್ದವು. ಮುಂಬೈಯ ಹೊಸ ಲೋಕಲ್‌ಗಳೂ ಬ್ರೇಕ್ ಹಿಡಿದಾಗ ಕರೆಂಟನ್ನು ತಂತಿಗೆ ಮರಳಿಸುವಂಥವೇ. ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ಇದೇ ಊರಿನಲ್ಲಿ, 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ. ಅದಕ್ಕೂ ಮುಂಚೆ, 1907ರಲ್ಲಿ ವಿದ್ಯುತ್ ಟ್ರಾಮ್ ಬಂತು. ನಾವು ದಾಟಿ ಬಂದ ಆ ಸರ್ಕಲ್ಲನ್ನು ಜನ ಈಗಲೂ ದಾದರ್ ಟಿಟಿ ಎನ್ನುತ್ತಾರೆ, ಟ್ರಾಮ್ ಅಲ್ಲಿಗೆ ಬಂದು ಕೊನೆಯಾಗುತ್ತಿತ್ತು. 1964ರ ಮಾರ್ಚ್ 31ರ ರಾತ್ರಿ ಮುಂಬೈಯ ಕಟ್ಟಕಡೆಯ ಟ್ರಾಮ್ ಬೋರಿಬಂದರದಿಂದ ಹೊರಟು ಬಂದು ನಿಂತದ್ದೂ ದಾದರಿಗೇ. ಆಯಿ ಮದುವೆಯಾಗಿ ಬೆಳಗಾವಿಯಿಂದ ಬಂದ ಹೊಸದರಲ್ಲಿ ಟ್ರಾಮ್ ಹತ್ತಿದ್ದಾರೆ. "ಅದಕ್ಕೂ ಹೊಗಿ ಇರ್ಲಿಲ್ಲ, ಸಪ್ಪಳ ಮಾತ್ರ ಭಾಳ ಇತ್ತು" ಎಂದು ಹಿಂದಿನ ಸೀಟಿನಿಂದ ಹೇಳಿದರು.

ಶಿವಾಜಿ ಪಾರ್ಕ್ ಸುತ್ತಿ ಮರಳಿ ಓಣಿಗೆ ಬಂದೆವು. ಆ ತರುಣ ಸನ್‌ರೂಫ್ ತೆರೆದ, ಮುಚ್ಚಿದ, ಸೀಟಿನಿಂದ ಬರುವ ತಂಗಾಳಿ ತೋರಿಸಿದ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಡಿಕ್ಕಿ ತಗೀರಿ" ಎಂದಳು. ಮೇಲಿಂದ ಆಯಿಯ ಗಾಲಿಕುರ್ಚಿ ತರಿಸಿದಳು. ನಿಲ್ಲಿಸಿದರೆ ಬಾಗಿಲು ಹಾಕಲು ಬರಲಿಲ್ಲ. ಮೇಲಿನ ಹಲಗೆ ತೆಗೆದು ಮಲಗಿಸಿದರೆ ಕೂತಿತು. ಅದರ ಮೇಲೆ ಒಂದು ಸೂಟ್‌ಕೇಸ್ ಇಡಲು ನೋಡಿದಳು, ಹಿಡಿಸಲಿಲ್ಲ. ಬ್ಯಾಟರಿ ಇರುವುದು ಡಿಕ್ಕಿಯ ಕೆಳಗೆ, ಅದಕ್ಕೇ ನೆಲ ಮೇಲೆದ್ದಿದೆ ಎಂದು ನಾನು ವಿವರಿಸಿದೆ. ಇದೇ ಗಾಡಿಯ ಬರಿ ಪೆಟ್ರೋಲ್ ಮಾದರಿಯಲ್ಲಿ ಡಿಕ್ಕಿ ಆಳವಾಗಿದೆ. ಅಕ್ಕ ಕೇಳಿದ್ದು ಒಂದೇ ಮಾತು: "ಇನ್ನೊಂದರಾಗ?"

"ಅದರಾಗೂ ಇಷ್ಟ."

"ಹಂಗಾರ ಮುಂಜಾನಿಂದ ನೀವು ಮಾತಾಡಿದ್ದು ಯಾವುದರ ಸಲುವಾಗಿ?"

ಭಾವ ಉತ್ತರಿಸಲಿಲ್ಲ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ವರ್ಷಗಟ್ಟಲೆ ಗಾಲಿಕುರ್ಚಿ ಹಿಡಿದು ಕೂತ ತೋಳಿನ ಲೆಕ್ಕ ಅದು. ಅಗ್ಗದ ಗ್ಯಾಸ್ ಬಂದಾಗ ಸಿಲಿಂಡರು ಡಿಕ್ಕಿ ತಿಂದಿತು, ಪೆಟ್ರೋಲ್ ಉಳಿಸುವ ಬ್ಯಾಟರಿ ಬಂದಾಗ ಅದೂ ಡಿಕ್ಕಿಯನ್ನೇ ತಿಂದಿತು. ಇಂಧನದ ಉಳಿತಾಯವನ್ನು ಲೀಟರಿನಲ್ಲಿ ಅಳೆದು ಜಾಹೀರಾತು ಮಾಡುತ್ತಾರೆ. ಆ ಉಳಿತಾಯಕ್ಕೆ ಮನೆಯೊಳಗೆ ಯಾರು ಜಾಗ ಬಿಟ್ಟುಕೊಟ್ಟರು ಎಂಬುದನ್ನು ಯಾವ ಕೋಷ್ಟಕವೂ ಬರೆಯುವುದಿಲ್ಲ. ಮುದುಕರಿರುವ, ಊರಿನ ನಂಟು ಬಿಡದ ಮನೆಗಳಿಗೆ ಡಿಕ್ಕಿಯೇ ಗಾಡಿಯ ಅರ್ಧ ಬೆಲೆ ಎಂದು ನಾನು ನಂಬುತ್ತೇನೆ.

ಮರುದಿನ ಗ್ರ್ಯಾಂಡ್ ವಿಟಾರಾ ನೋಡಲು ಹೋದಾಗ ಅಕ್ಕ ಕುರ್ಚಿಯನ್ನು ಜೊತೆಗೇ ತಂದಳು. ಅದೇ ನೆಲ, ಅದೇ ಎತ್ತರ. ಅಲ್ಲಿನ ಹುಡುಗಿಯೊಬ್ಬಳು ತಾನೇ ಮುಂದೆ ಬಂದು ಹಿಂದಿನ ಸೀಟಿನ ಸಣ್ಣ ಪಾಲನ್ನು ಮಡಚಿ, ಕುರ್ಚಿಯನ್ನು ಉದ್ದಕ್ಕೆ ಜಾರಿಸಿ ತೋರಿಸಿದಳು. ತನ್ನ ಅಜ್ಜಿಗೂ ಹೀಗೇ ಮಾಡುವುದೆಂದು ಹಿಂದಿಯಲ್ಲಿ ಹೇಳಿದಳು. ಆಗ ಡಿಕ್ಕಿಯಲ್ಲಿ ಎರಡು ಚೀಲ ಹಿಡಿದವು. ಆದರೆ ಕೂಡಲು ಒಬ್ಬರಿಗೆ ಜಾಗ ಹೋಯಿತು. "ನಾ ರೈಲಿಗೆ ಬರ್ತೀನಿ ಬಿಡ್ರಿ" ಎಂದ ಅಳಿಯ. ಈ ಗಾಡಿ ಎಲ್ಲಿ ತಯಾರಾಗುತ್ತದೆಂದು ಆಯಿ ಕೇಳಿದರು, ಭಾವ ಬಿಡದಿಯ ಹೆಸರು ಹೇಳಿದರು. "ನಮ್ಮ ಕಡೀದ ಅನ್ನು" ಎಂದು ಬಾಗಿಲ ಮೇಲೆ ಕೈಯಾಡಿಸಿದರು. ಬೆಳಗಾವಿಯಿಂದ ಬಿಡದಿ ಅದೆಷ್ಟು ದೂರ! ದಾದರಿನಲ್ಲಿ ನಿಂತವರಿಗೆ ಎರಡೂ ಒಂದೇ ಕಡೆ.

ಹೊರಡುವ ಸಂಜೆ ಭಾವನೂ ನಾನೂ ಕಟ್ಟಡದ ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಗಳ ಮುಂದೆ ನಿಂತಿದ್ದೆವು. ಅಲ್ಲಿಗೆ ಕರೆಂಟು ಕೊಡುವುದು ಬೆಸ್ಟ್, ಕೆಂಪು ಬಸ್ಸುಗಳನ್ನು ಓಡಿಸುವ ಅದೇ ಸಂಸ್ಥೆ. ಮೀಟರಿನಿಂದ ಗಾಡಿ ನಿಲ್ಲುವ ಜಾಗಕ್ಕೆ ನಡುವೆ ಕಾಂಪೌಂಡಿನ ಗೋಡೆ ಮತ್ತು ಸಾರ್ವಜನಿಕ ಫುಟ್‌ಪಾತ್. ಅಷ್ಟು ದೂರಕ್ಕೆ ವೈರ್ ಎಳೆಯಲು ಬರುವುದಿಲ್ಲ. ಪರೇಲಿನ ಆಸ್ಪತ್ರೆ, ಮಾಟುಂಗಾದ ನಾಟಕ, ಸಿದ್ಧಿವಿನಾಯಕ: ಈ ಮನೆಯ ದಿನದ ಓಟವೆಲ್ಲ ಕೆಲವೇ ಕಿಲೋಮೀಟರಿನದು. ಪ್ಲಗ್-ಇನ್ ಹೈಬ್ರಿಡ್ ಯಾರಿಗಾಗಿ ಹುಟ್ಟಿದೆ ಎಂದು ಕೇಳಿದರೆ ನಾನು ಈ ಮನೆಯನ್ನೇ ತೋರಿಸುತ್ತೇನೆ, ವಾರವೆಲ್ಲ ಊರೊಳಗೆ ಕರೆಂಟು, ಹಬ್ಬಕ್ಕೆ ಧಾರವಾಡದವರೆಗೆ ಪೆಟ್ರೋಲು. ಅಂಥದ್ದು ಈ ಬೆಲೆಗೆ ಅಂಗಡಿಯಲ್ಲಿಲ್ಲ. ಇದ್ದಿದ್ದರೂ ಈ ಓಣಿಯಲ್ಲಿ ಅದನ್ನು ಚುಚ್ಚಲು ಒಂದು ತೂತಿಲ್ಲ. ನೂರು ವರ್ಷದಿಂದ ರೈಲು ಎಳೆಯುತ್ತಿರುವ ಕರೆಂಟು ಕೂಗಳತೆಯಲ್ಲಿ ಹರಿಯುತ್ತಿದೆ.

ಧಾರವಾಡಕ್ಕೆ ಮರಳಿದ ಮೇಲೆ ನನ್ನನ್ನು ಕಾಡುತ್ತಿರುವುದು ಇದೇ. ನಮ್ಮ ಮನೆಯ ಮುಂದೆ ಅಂಗಳವಿದೆ, ತೆಂಗಿನ ಮರದ ಕೆಳಗೆ ಗಾಡಿಗೆ ನೆರಳಿದೆ, ನೀರಿನ ಪಂಪಿಗೆಂದು ಹಾಕಿಸಿದ 15 ಆಂಪಿಯರಿನ ಪಾಯಿಂಟ್ ಗೋಡೆಯಲ್ಲೇ ಇದೆ. ನನ್ನ ಓಡಾಟಕ್ಕೆ ಸ್ಕೂಟರ್ ಸಾಕು. ಹೊಗೆಯಿಲ್ಲದ ಗಾಡಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರು ಇರುವುದು ಹೊಗೆಯ ನಡುವೆ, ನಿಲ್ಲಿಸಲು ಜಾಗವಿಲ್ಲದ ಓಣಿಗಳಲ್ಲಿ. ವಿದ್ಯುತ್ ವಾಹನಗಳ ಬಗ್ಗೆ ನಡೆಯುವ ಮಾತೆಲ್ಲ ಬ್ಯಾಟರಿಯ ಬೆಲೆ, ತೆರಿಗೆ ಎಂದು ಸುತ್ತುತ್ತದೆ. ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಬೇಕು.

ಅವರು ಕೊನೆಗೆ ಬುಕ್ ಮಾಡಿದ್ದು ಗ್ರ್ಯಾಂಡ್ ವಿಟಾರಾ ಹೈಬ್ರಿಡ್. ಪುಣೆಯಿಂದ ಈಚೆಗೆ ದಾರಿಯುದ್ದಕ್ಕೂ ವರ್ಕ್‌ಶಾಪ್ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನೂ ಅದನ್ನೇ ಹೇಳಿದೆ. ಉಳಿದೆಲ್ಲ ಸಮ ಇದ್ದಾಗ ರಾತ್ರಿ ಹೊತ್ತು ಆಯಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ನಿಂತವನಿಗೆ ಬೇಕಾಗುವುದು ಅದೇ. ಬರಿ ಪೆಟ್ರೋಲ್ ಮಾದರಿಯ ಆಳದ ಡಿಕ್ಕಿಯನ್ನು ಅಕ್ಕ ಒಂದು ವಾರ ಯೋಚಿಸಿದಳು. ದಿನದ ಗದ್ದಲದಲ್ಲಿ ಅದು ಕುಡಿಯುವ ಎಣ್ಣೆಯ ಲೆಕ್ಕ ನೋಡಿ ಕೈಬಿಟ್ಟಳು.

ಅವರ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ಸೊಸೈಟಿಯಲ್ಲಿ ನಡೆದಿದೆ. ದಾದರ್ ತುಂಬ ಈಗ ಅದೇ ಮಾತು. ಬಿಲ್ಡರನ ನಕ್ಷೆಯಲ್ಲಿ ಕಾರಿನ ಅಂತಸ್ತುಗಳಿವೆ, ಪ್ಲಗ್ಗಿನ ಮಾತೇ ಇಲ್ಲ ಎಂದು ಭಾವ ಫೋನಿನಲ್ಲಿ ಹೇಳಿದರು. ಕೂತು ಒಂದು ಪತ್ರದ ಕರಡು ಬರೆದು ಕಳಿಸಿದ್ದೇನೆ. ಮೀಟರ್ ಕೋಣೆಯಿಂದ ಪ್ರತಿ ಗಾಡಿಯ ಜಾಗಕ್ಕೆ ಖಾಲಿ ಪೈಪನ್ನಾದರೂ ಈಗಲೇ ಹಾಯಿಸಬೇಕು, ಕಾಂಕ್ರೀಟ್ ಹಾಕುವಾಗ ಅದಕ್ಕೆ ಆಗುವ ಖರ್ಚು ಅಲ್ಪ, ಆಮೇಲೆ ಒಡೆದು ಹಾಕಿಸುವುದು ದುಬಾರಿ. ಬೆಸ್ಟ್‌ಗೆ ಲೋಡ್ ಕೇಳುವಾಗ ಎಲ್ಲ ಗಾಡಿಗಳ ಲೆಕ್ಕ ಹಿಡಿಯಬೇಕು. ಲಿಫ್ಟಿನ ಬಾಗಿಲಿಗೆ ಹತ್ತಿರದ ಜಾಗಗಳನ್ನು ಗಾಲಿಕುರ್ಚಿ ಇರುವ ಮನೆಗಳಿಗೆ ಬಿಡಬೇಕು. ಈ ಕೊನೆಯದನ್ನು ಅಕ್ಕ ಸೇರಿಸಿದಳು. ಮುಂದಿನ ಸಭೆಗೆ ಒಯ್ಯಲು ಭಾವ ಪತ್ರವನ್ನು ಮರಾಠಿಯಲ್ಲಿ ಬರೆದಿದ್ದಾರೆ. ಮನೆ ಆಯಿಯ ಹೆಸರಿನಲ್ಲಿದೆ, ಮೊದಲ ಸಹಿ ಅವರದೇ.